ಮಂಕು ಆಲಿವ್ ಹಸಿರು: ಮೊದಲು ಬೆಳಕು, ಆಮೇಲೆ ಬಣ್ಣ

ಒಳಾಂಗಣ ವಿನ್ಯಾಸಕ್ಕಾಗಿ ನಮ್ಮಲ್ಲಿಗೆ ಬರುವವರಲ್ಲಿ ಮಂಕು ಆಲಿವ್ ಹಸಿರು ಗೋಡೆಯನ್ನು ಬಯಸುವವರು ಈಚೆಗೆ ಹೆಚ್ಚಾಗಿದ್ದಾರೆ. ಮೊಬೈಲಿನಲ್ಲಿ ಕಂಡ ಚಿತ್ರವನ್ನೋ ಶೇಡ್ ಕಾರ್ಡಿನ ಪುಟ್ಟ ಚೌಕವನ್ನೋ ತೋರಿಸಿ ಅದೇ ಬಣ್ಣ ಬೇಕೆನ್ನುತ್ತಾರೆ. ಶೇಡ್ ಸಂಖ್ಯೆಯನ್ನು ಬರೆದುಕೊಳ್ಳುವ ಮೊದಲು ನಾನು ಎರಡು ವಿಷಯ ವಿಚಾರಿಸುತ್ತೇನೆ: ಆ ಕೋಣೆಯ ಕಿಟಕಿ ಯಾವ ದಿಕ್ಕಿಗಿದೆ, ಸಂಜೆಯ ಮೇಲೆ ಅಲ್ಲಿ ಯಾವ ದೀಪ ಉರಿಯುತ್ತದೆ.

ಆಲಿವ್ ಮೂಲತಃ ಕಪ್ಪು ಬೆರೆತ ಹಳದಿ. ಹಳದಿಗೆ ತುಸು ಕಪ್ಪು ಸೇರಿಸಿದರೆ ಅದು ತಾನಾಗಿಯೇ ಹಸಿರಿನತ್ತ ವಾಲುತ್ತದೆ. ಆದ್ದರಿಂದ ಬೆಚ್ಚನೆಯ ಬೆಳಕು ಬಿದ್ದಾಗ ಈ ಗೋಡೆ ಅರಳುತ್ತದೆ. ನೀಲಿ ಛಾಯೆಯ ಬೆಳಕಿನಲ್ಲಿ ಒಳಗಿನ ಹಳದಿ ಅಡಗಿಹೋಗಿ ಬೂದಿ ಬಳಿದಂತೆ ಕಾಣುತ್ತದೆ. ಬೆಳಕಿನ ಛಾಯೆಯನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ; ಅಂಕಿ ಇಳಿದಷ್ಟೂ ಬೆಳಕು ಬೆಚ್ಚನೆಯದು, ಏರಿದಷ್ಟೂ ನೀಲಿ ಛಾಯೆಯದು. ನಮ್ಮ ಬಹುತೇಕ ಮನೆಗಳ ಟ್ಯೂಬ್‌ಲೈಟ್ 6500 ಕೆಲ್ವಿನ್‌ನ, ನೀಲಿ ಛಾಯೆಯ ಬಿಳಿ ಬೆಳಕಿನದು. ಹಗಲಲ್ಲಿ ಮೆಚ್ಚಿದ ಬಣ್ಣ ರಾತ್ರಿ ಸಪ್ಪೆಯೆನಿಸಲು ಸಾಮಾನ್ಯವಾಗಿ ಇದೇ ಕಾರಣ. ಹಾಲ್ ಮತ್ತು ಮಲಗುವ ಕೋಣೆಗೆ 2700ರಿಂದ 3000 ಕೆಲ್ವಿನ್‌ನ, ಓದುವ ಮೇಜಿಗೆ 4000 ಕೆಲ್ವಿನ್‌ನ ದೀಪ ಹಾಕಿಸಿಕೊಳ್ಳಿ. ಬಲ್ಬಿನ ಡಬ್ಬಿಯ ಮೇಲೆ ನಮೂದಾದ ಸಿಆರ್‌ಐ (ದೀಪವು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಂಕ, ನೂರಕ್ಕೆ) 90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬಣ್ಣ ಇದ್ದಂತೆಯೇ ಕಾಣುತ್ತದೆ.

ವರ್ಷದ ಹೆಚ್ಚು ಕಾಲ ನೇರ ಬಿಸಿಲು ಬಾರದ ಉತ್ತರದ ಕೋಣೆಗೆ, ಅಥವಾ ಪಕ್ಕದ ಕಟ್ಟಡ ಕಿಟಕಿಗೇ ಒತ್ತಿ ನಿಂತಿರುವ ಫ್ಲ್ಯಾಟಿಗೆ, ಹಳದಿ ಅಂಶ ಎದ್ದು ಕಾಣುವ, ಒಂದೆರಡು ಮೆಟ್ಟಿಲು ತಿಳಿಯಾದ ಶೇಡ್ ಆರಿಸಬೇಕು. ಪಶ್ಚಿಮದ ಕೋಣೆಯಲ್ಲಿ ಸಂಜೆಯ ಬಿಸಿಲು ಇದೇ ಬಣ್ಣವನ್ನು ಸಾಸಿವೆಯ ಹಳದಿಗೆ ಎಳೆಯುವುದರಿಂದ ಅಲ್ಲಿ ಬೂದು ಬೆರೆತ ಆಲಿವ್ ಒಪ್ಪುತ್ತದೆ. ಇದನ್ನು ಶೇಡ್ ಕಾರ್ಡ್ ನೋಡಿ ತೀರ್ಮಾನಿಸಲು ಸಾಧ್ಯವಿಲ್ಲ. ಎರಡಡಿ ಉದ್ದಗಲದ ಪ್ಲೈವುಡ್ ಹಲಗೆಗೆ ಪ್ರೈಮರ್ ಹಚ್ಚಿ, ಅದರ ಮೇಲೆ ಎರಡು ಕೋಟ್ ಬಳಿಸಿ, ಅಂಚಿನ ಸುತ್ತ ನಾಲ್ಕು ಬೆರಳಗಲ ಬಿಳಿ ಬಿಡಿ. ಹಲಗೆಯನ್ನು ಬೆಳಿಗ್ಗೆ ಕಿಟಕಿಯ ಪಕ್ಕ, ಮಧ್ಯಾಹ್ನ ಕೋಣೆಯ ಒಳಮೂಲೆಯಲ್ಲಿ, ರಾತ್ರಿ ದೀಪದಡಿ ನಿಲ್ಲಿಸಿ ನೋಡಿದರೆ ಒಂದೇ ಬಣ್ಣದ ಮೂರು ಮುಖಗಳು ತಿಳಿಯುತ್ತವೆ.

ನೆಲವನ್ನೂ ಗಮನಿಸಲೇಬೇಕು. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲದ ಮೇಲೆ ಆಲಿವ್ ಗೋಡೆಯಷ್ಟು ಸೊಗಸಾದ ಜೋಡಿ ನನ್ನ ದೃಷ್ಟಿಯಲ್ಲಿ ಬೇರೊಂದಿಲ್ಲ. ಕೆಂಪು ಮತ್ತು ಹಸಿರು ಒಂದನ್ನೊಂದು ಎತ್ತಿ ತೋರಿಸುವುದರಿಂದ ಅಲ್ಲಿ ಎಷ್ಟು ಮಂಕಾದ ಶೇಡ್ ಆದರೂ ಹಸಿರಾಗಿಯೇ ಕಾಣುತ್ತದೆ. ತೇಗದ ಬಾಗಿಲು, ಬೆತ್ತದ ಕುರ್ಚಿ, ಹಿತ್ತಾಳೆಯ ದೀಪಗಳು ಈ ಬಣ್ಣದೊಂದಿಗೆ ಸಲೀಸಾಗಿ ಹೊಂದುತ್ತವೆ. ಛಾವಣಿಗೆ ಅಚ್ಚ ಬಿಳಿಗಿಂತ ಕೆನೆಬಿಳಿ ಲೇಸು.

ಹೊಳಪಿಲ್ಲದ ಮ್ಯಾಟ್ ಎಮಲ್ಷನ್ ಬಣ್ಣ ಪುಟ್ಟಿಯ ಏರುತಗ್ಗುಗಳನ್ನು ಮರೆಮಾಚುತ್ತದೆ, ಆದರೆ ಸ್ವಿಚ್‌ಬೋರ್ಡಿನ ಸುತ್ತ ಕೈ ತಾಗಿ ತಾಗಿ ಹೊಳಪಿನ ಕಲೆ ಮೂಡುತ್ತದೆ. ಓಡಾಟ ಹೆಚ್ಚಿರುವ ಪ್ಯಾಸೇಜಿಗೆ, ಮಕ್ಕಳ ಕೋಣೆಗೆ ತೊಳೆಯಬಹುದಾದ, ತುಸು ಹೊಳಪಿನ ಸಾಫ್ಟ್ ಶೀನ್ ಬಣ್ಣ ಬಳಸಿ. ಮಳೆಗಾಲದಲ್ಲಿ ತೇವ ಹಿಡಿಯುವ ಗೋಡೆಗೆ ಮೊದಲು ಸೋರಿಕೆ ನಿಲ್ಲಿಸಿ, ಪೂರ್ತಿ ಒಣಗಿದ ಮೇಲೆಯೇ ಬಣ್ಣ ಹಚ್ಚಿಸಿ. ತೇವದೊಂದಿಗೆ ಗೋಡೆಯಿಂದ ಹೊರಬರುವ, ತಿಳಿ ಬಣ್ಣದಲ್ಲಿ ಕಣ್ಣಿಗೆ ಬೀಳದ ಉಪ್ಪಿನ ಬಿಳಿ ಪುಡಿ ಆಲಿವ್ ಮೇಲೆ ದೂರಕ್ಕೇ ಕಾಣುತ್ತದೆ. ಒಂದು ಕೋಣೆಗೆ ಬೇಕಾಗುವಷ್ಟು ಬಣ್ಣವನ್ನು ಅಂಗಡಿಯಲ್ಲಿ ಒಂದೇ ಸಲ ಟಿಂಟ್ ಮಾಡಿಸಿ (ಶೇಡ್ ಬೆರೆಸಿಸಿ), ಡಬ್ಬಿಯಿಂದ ಡಬ್ಬಿಗೆ ಛಾಯೆ ಬದಲಾಗದಂತೆ ಎಲ್ಲವನ್ನೂ ದೊಡ್ಡ ಬಕೆಟ್ಟಿನಲ್ಲಿ ಕಲಸಿಕೊಳ್ಳಲು ಪೇಂಟರಿಗೆ ಹೇಳಿ. ಉಳಿದದ್ದನ್ನು ಶೇಡ್ ಸಂಖ್ಯೆಯ ಚೀಟಿ ಅಂಟಿಸಿ, ಬಿಗಿಯಾಗಿ ಮುಚ್ಚಿಡಿ.