ದಿನಕ್ಕೆ ಒಂದು ಮಿಲಿಮೀಟರ್

ಅಮೆಲೋಬ್ಲಾಸ್ಟೋಮಾ ಅಂತ ಒಂದು ಗೆಡ್ಡೆ. ಕ್ಯಾನ್ಸರ್ ಅಲ್ಲ, ಆದರೆ ದವಡೆಯ ಮೂಳೆಯನ್ನು ತಿಂದುಬಿಡುತ್ತದೆ. ಒಬ್ಬ ತಾಯಿಗೆ ಅದನ್ನು ತೆಗೆದ ಮೇಲೆ ಕೆಳದವಡೆಯ ಒಂದು ಪಕ್ಕದಲ್ಲಿ 4 ಸೆಂಟಿಮೀಟರ್ ಮೂಳೆಯೇ ಇರಲಿಲ್ಲ. ಲೋಹದ ಪ್ಲೇಟು ಮಾತ್ರ ಹಿಡಿದುಕೊಂಡಿತ್ತು. ಕಾಲಿನ ಮೂಳೆ ತಂದು ಕೂರಿಸಬಹುದು ಎಂದೆ. "ಕಾಲು ಕೊಯ್ಯದೆ ಆಗಲ್ವಾ ಡಾಕ್ಟ್ರೇ? ಗದ್ದೇಲಿ ನಿಲ್ಲೋಳು ನಾನು" ಎಂದರು.

ಆಗುತ್ತದೆ. ಉಳಿದ ಮೂಳೆಯ ತುದಿಯಲ್ಲಿ ಒಂದು ಚಿಕ್ಕ ತುಂಡನ್ನು ಕತ್ತರಿಸಿ ಬಿಡಿಸುತ್ತೇವೆ. ಅದಕ್ಕೆ ಅಂಟಿದ ಪೊರೆಯನ್ನು ಕೀಳುವುದಿಲ್ಲ, ರಕ್ತ ಹರಿಯಬೇಕಲ್ಲ. ಸ್ಕ್ರೂ ಇರುವ ಸಾಧನ ಹಾಕಿ ಐದಾರು ದಿನ ಸುಮ್ನೆ ಬಿಡುತ್ತೇವೆ. ಆಮೇಲೆ ಬೆಳಿಗ್ಗೆ ಅರ್ಧ, ಸಂಜೆ ಅರ್ಧ, ದಿನಕ್ಕೆ 1 ಮಿಲಿಮೀಟರ್ ಆ ತುಂಡು ಖಾಲಿ ಜಾಗದ ಕಡೆ ಸರಿಯುತ್ತದೆ. ಅದರ ಹಿಂದಿನ ಸಂದಿನಲ್ಲಿ ಹೊಸ ಮೂಳೆ ಹುಟ್ಟುತ್ತದೆ, ವಸಡೂ ಜೊತೆಗೇ ಹಿಗ್ಗುತ್ತದೆ. ಸೈಬೀರಿಯಾದ ಕುರ್ಗಾನ್‌ನಲ್ಲಿ ಇಲಿಜಾರೊವ್ ಎಂಬ ವೈದ್ಯರು ಕೈಕಾಲಿನ ಮೂಳೆಗಳಲ್ಲಿ ಕಂಡುಕೊಂಡ ಲೆಕ್ಕ ಇದು. 1992ರಲ್ಲಿ ನ್ಯೂಯಾರ್ಕಿನ ಸರ್ಜನ್ ಮೆಕಾರ್ಥಿ ಅವರ ತಂಡ ಮಕ್ಕಳ ದವಡೆಯನ್ನು ಹೀಗೆ ಉದ್ದ ಮಾಡಿದ ವರದಿ ಪ್ರಕಟಿಸಿತು.

ಮನೆಯಲ್ಲಿ ಸ್ಕ್ರೂ ತಿರುಗಿಸಿದ್ದು ಅವರ ಮಗ. ಯಾವ ಕಡೆ ತಿರುಗಿಸಬೇಕು ಅಂತ ಚೀಟಿಯಲ್ಲಿ ಬಾಣ ಬರೆದುಕೊಟ್ಟಿದ್ದೆ. ಪ್ರತಿ ಸಲ ತಿರುಗಿಸಿದ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೀಟು ಎಳೆಯುತ್ತಿದ್ದ. ಒಂದು ದಿನ ಫೋನ್ ಬಂತು. "ಸಾರ್, ನಿನ್ನೆ ಮದುವೆಗೆ ಹೋಗಿ ತಪ್ಪೋಯ್ತು. ಇವತ್ತು ಎರಡು ದಿನದ್ದೂ ಒಟ್ಟಿಗೆ ತಿರುಗಿಸ್ಲಾ?" ಖಂಡಿತ ಬೇಡ ಎಂದೆ. ಜಾಸ್ತಿ ಎಳೆದರೆ ಸಂದಿನಲ್ಲಿ ಮೂಳೆಯ ಬದಲು ನಾರು ತುಂಬುತ್ತದೆ. ತೀರಾ ನಿಧಾನವಾದರೆ ಬೇಗನೆ ಗಟ್ಟಿಯಾಗಿ ತುಂಡು ಅಲ್ಲೇ ನಿಂತುಬಿಡುತ್ತದೆ. ಕೇಳಿದ್ದು ಒಳ್ಳೆಯದಾಯಿತು.

ನಲವತ್ತು ದಿನ ದಾಟಿದ ಮೇಲೆ ತುಂಡು ಆಚೆ ದಡ ಮುಟ್ಟಿತು. ಆದರೆ ಮುಟ್ಟಿದ್ದಷ್ಟೇ, ಕೂಡಿರಲಿಲ್ಲ. ಎರಡು ತುದಿಗಳ ಮಧ್ಯೆ ಮೆತ್ತನೆಯ ನಾರು ಸಿಕ್ಕಿಕೊಂಡಿರುತ್ತದೆ. ಅದನ್ನು ಕೆರೆದು ತೆಗೆದು ಸೊಂಟದ ಮೂಳೆಯ ಚೂರು ತುಂಬಬೇಕಾಯಿತು. ಈ ಎರಡನೇ ಆಪರೇಷನ್ ಬರಬಹುದು ಅಂತ ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮನೆಯವರಿಗೆ ಮೋಸವಾದಂತೆ ಅನಿಸುತ್ತದೆ.

ಎಲ್ಲರಿಗೂ ಇದು ಹೊಂದುವುದಿಲ್ಲ. ರೇಡಿಯೇಷನ್ ಆದ ದವಡೆಯಲ್ಲಿ ಹೊಸ ಮೂಳೆ ಸರಿಯಾಗಿ ಬರುವುದು ಕಷ್ಟ. ಗದ್ದದ ಕಮಾನೇ ಹೋದವರಿಗೆ ಕಾಲಿನ ಮೂಳೆಯೇ ಮೇಲು ಅಂತ ನಾನು ಹೇಳುತ್ತೇನೆ. ಬೀಡಿ, ಗುಟ್ಕಾ ಬಿಡದವರಿಗೆ ಮಾಡುವುದೇ ಇಲ್ಲ.

ಸಾಧನವನ್ನು ಇನ್ನೂ ಮೂರು ತಿಂಗಳು ಹಾಗೇ ಬಿಟ್ಟೆವು. ಮಬ್ಬಾಗಿದ್ದ ಜಾಗ ಒಂದೊಂದು ಎಕ್ಸ್‌ರೇಯಲ್ಲೂ ಬೆಳ್ಳಗಾಗುತ್ತಾ ಬಂತು. ಸಾಧನ ತೆಗೆಯುವ ದಿನ ಮಗ ಆ ಕ್ಯಾಲೆಂಡರನ್ನು ಸುರುಳಿ ಸುತ್ತಿಕೊಂಡು ತಂದಿದ್ದ. ಮದುವೆಯ ದಿನದ ಚೌಕದಲ್ಲಿ ಗೀಟಿರಲಿಲ್ಲ.