ಏರಿನಲ್ಲಿ ಮಾತ್ರ ಬಿಕ್ಕಳಿಸುವ ಎಂಜಿನ್

ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತುತ್ತಿದ್ದೆವು. ಮೂರನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ಕಾರು ಎಳೆಯಲೇ ಇಲ್ಲ. ಬಿಕ್ಕಳಿಕೆ ಬಂದವರ ಹಾಗೆ ಎರಡು ಸಲ ಜಗ್ಗಿತು, ಆಮೇಲೆ ಒಲ್ಲದ ಮನಸ್ಸಿನಿಂದ ಮುಂದೆ ಹೋಯಿತು. ಮುಂದಿನ ತಿರುವಿನಲ್ಲೂ ಅದೇ ಕತೆ. ಹಿಂದಿದ್ದ ಲಾರಿಯವನ ಹಾರ್ನ್ ಬೇರೆ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ, ಬಾನೆಟ್ ಎತ್ತಿ ನ್ಯೂಟ್ರಲ್‌ನಲ್ಲಿ ರೇಸ್ ಮಾಡಿದರೆ ಎಂಜಿನ್ ಏನೂ ಆಗೇ ಇಲ್ಲ ಎಂಬಂತೆ ಸಲೀಸಾಗಿ ತಿರುಗುತ್ತಿತ್ತು.

‘ಪಿಕಪ್ ಇಲ್ಲ’ ಎಂದು ಗ್ಯಾರೇಜಿಗೆ ಹೋದರೆ ಏರ್ ಫಿಲ್ಟರ್, ಪ್ಲಗ್, ಥ್ರಾಟಲ್ ಬಾಡಿ ಕ್ಲೀನಿಂಗ್ ಎಂದು ಬಿಲ್ ಉದ್ದವಾಗುತ್ತಾ ಹೋಗುತ್ತದೆ. ಈಚೆಗಂತೂ ಎಲ್ಲದಕ್ಕೂ ಪೆಟ್ರೋಲ್‌ಗೆ ಬೆರೆಸುವ ಎಥನಾಲ್ ಮೇಲೆ ತಪ್ಪು ಹೊರಿಸುವುದು ಸುಲಭವಾಗಿದೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದದ್ದು ಒಂದಿದೆ: ಗಾಡಿ ತಡವರಿಸುವುದು ಆಕ್ಸಿಲರೇಟರ್ ಮೇಲೆ ಕಾಲಿಟ್ಟ ಕ್ಷಣದಲ್ಲೋ, ಒತ್ತಿ ಹಿಡಿದಾಗಲೋ? ಎರಡರ ಕಾರಣಗಳೂ ಬೇರೆ ಬೇರೆ.

ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲೇ ಥ್ರಾಟಲ್. ಅದು ತೆರೆದ ಕೂಡಲೇ ಗಾಳಿ ನುಗ್ಗಿಬಿಡುತ್ತದೆ. ಪೆಟ್ರೋಲ್ ಹಾಗಲ್ಲ. ನಮ್ಮ ಹೆಚ್ಚಿನ ಕಾರುಗಳಲ್ಲಿ ಇಂಜೆಕ್ಟರ್ ಚಿಮ್ಮಿಸಿದ್ದರಲ್ಲಿ ಒಂದು ಪಾಲು ಇನ್‌ಟೇಕ್ ಎಂಬ ಗಾಳಿಕೊಳವೆಯ ಗೋಡೆಗೆ ಅಂಟಿಕೊಂಡು, ಆವಿಯಾಗಿ, ತಡವಾಗಿ ಒಳಗೆ ಸೇರುತ್ತದೆ. ಬೆಳಗಿನ ತಣ್ಣನೆ ಎಂಜಿನ್‌ನಲ್ಲಿ ಇನ್ನೂ ತಡ. ಆ ಅರೆಕ್ಷಣ ಮಿಶ್ರಣ ತೆಳುವಾಗಿ ಗಾಡಿ ಮುಗ್ಗರಿಸುತ್ತದೆ. ಹಳೇ ಪದ್ಮಿನಿಯಂಥ ಕಾರುಗಳಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸುತ್ತಿದ್ದ ಕಾರ್ಬ್ಯುರೇಟರ್‌ನಲ್ಲಿ ಇದಕ್ಕೆಂದೇ ಒಂದು ಪುಟ್ಟ ಪಂಪ್ ಇತ್ತು. ಪೆಡಲ್ ಒತ್ತಿದಾಗ ಅದು ಒಂದು ಗುಟುಕು ಪೆಟ್ರೋಲ್ ಹೆಚ್ಚಿಗೆ ಕೊಡುತ್ತಿತ್ತು. ಈಗ ಆ ಗುಟುಕನ್ನು ಲೆಕ್ಕ ಹಾಕುವುದು ಕಂಪ್ಯೂಟರ್, ಲೆಕ್ಕಕ್ಕೆ ಆಧಾರ ಸೆನ್ಸರ್‌ಗಳು. ಕೆಲವು ಗಾಡಿಗಳಲ್ಲಿ ಒಳಬರುವ ಗಾಳಿಯನ್ನು ಅಳೆಯುವುದು ಕಾದ ಒಂದು ಸಣ್ಣ ತಂತಿ. ಗಾಳಿ ಅದನ್ನು ಎಷ್ಟು ತಣಿಸುತ್ತದೆ ಎಂಬುದೇ ಅಳತೆ. ತಂತಿಯ ಮೇಲೆ ಧೂಳು ಕೂತರೆ ಗಾಳಿ ಕಡಿಮೆ ಇದೆಯೆಂದು ಅದು ಸುಳ್ಳು ಹೇಳುತ್ತದೆ, ಕಂಪ್ಯೂಟರ್ ಅದನ್ನು ನಂಬಿ ಪೆಟ್ರೋಲನ್ನೂ ಕಡಿಮೆ ಬಿಡುತ್ತದೆ.

ನಮ್ಮ ಕಾರಿನದು ಈ ಜಾತಿಯ ರೋಗವಲ್ಲ. ಕಾಲಿಟ್ಟಾಗ ಅಲ್ಲ, ಏರಿನಲ್ಲಿ ಒತ್ತಿ ಹಿಡಿದಾಗ ಅದು ಜಗ್ಗುತ್ತಿತ್ತು. ಇದಕ್ಕೆ ಪೆಟ್ರೋಲ್ ಸಾಲದೆ ಇರಬಹುದು: ಪಂಪ್ ಸೋತಿರುತ್ತದೆ, ಇಲ್ಲವೇ ಫಿಲ್ಟರ್ ಕಟ್ಟಿಕೊಂಡಿರುತ್ತದೆ. ಆಗ ಗಾಡಿ ಸಾಮಾನ್ಯವಾಗಿ ಉಸಿರು ಕಟ್ಟಿದಂತೆ ಮೆಲ್ಲನೆ ಸೊರಗುತ್ತದೆ. ಕಡಿದು ಕಡಿದು ಜಗ್ಗಿದರೆ ನನ್ನ ಅನುಮಾನ ಮೊದಲು ಹೋಗುವುದು ಪೆಟ್ರೋಲ್ ಹೊತ್ತಿಸುವ ಪ್ಲಗ್ಗಿನ ಕಿಡಿಯ ಮೇಲೆ.

ಪ್ಲಗ್ಗಿನ ತುದಿಯಲ್ಲಿರುವುದು ಹೆಚ್ಚುಕಮ್ಮಿ ಒಂದು ಮಿಲಿಮೀಟರ್ ಸಂದು. ಕಿಡಿ ಅದನ್ನು ಹಾರಬೇಕು. ಸಂದಿನ ನಡುವಿನ ಅನಿಲ ಒತ್ತಿಕೊಂಡಷ್ಟೂ ಹಾರುವುದಕ್ಕೆ ಹೆಚ್ಚು ವೋಲ್ಟೇಜ್ ಬೇಕು. ಜರ್ಮನಿಯ ಫ್ರೀಡ್ರಿಕ್ ಪಾಷೆನ್ 1889ರಲ್ಲಿ ಪ್ರಕಟಿಸಿದ ನಿಯಮ ಇದನ್ನೇ ಹೇಳುತ್ತದೆ. ಐಡಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ತಿರುಗುವಾಗ, ಥ್ರಾಟಲ್ ಬಹುತೇಕ ಮುಚ್ಚಿರುತ್ತದೆ, ಸಿಲಿಂಡರ್‌ಗೆ ಬರುವ ಗಾಳಿಯ ಒತ್ತಡ ಹೊರಗಿನದರ ಮೂರನೇ ಒಂದು ಪಾಲಿನಷ್ಟೇ. ಏರಿನಲ್ಲಿ ಥ್ರಾಟಲ್ ಪೂರ್ತಿ ತೆರೆದರೆ ಸಿಲಿಂಡರ್ ತುಂಬಿಕೊಳ್ಳುತ್ತದೆ, ಒತ್ತಡ ಏರುತ್ತದೆ, ಕಿಡಿಗೆ ಬೇಕಾದ ವೋಲ್ಟೇಜೂ ಏರುತ್ತದೆ. ವಿದ್ಯುತ್ತಿಗೆ ಆಗ ಸಂದು ಹಾರುವುದಕ್ಕಿಂತ ಸುಲಭದ ಕಳ್ಳದಾರಿ ಎಲ್ಲಾದರೂ ಸಿಕ್ಕರೆ ಅದು ಅಲ್ಲಿಂದಲೇ ನುಸುಳುತ್ತದೆ. ನ್ಯೂಟ್ರಲ್‌ನಲ್ಲಿ ರೇಸ್ ಮಾಡಿದಾಗ ಎಂಜಿನ್‌ಗೆ ಎಳೆಯಲು ಭಾರವೇ ಇಲ್ಲದ್ದರಿಂದ ಥ್ರಾಟಲ್ ಹೆಚ್ಚು ತೆರೆಯುವ ಪ್ರಮೇಯವೂ ಇಲ್ಲ, ರೋಗವೂ ಕಾಣುವುದಿಲ್ಲ.

ಮೂಡಿಗೆರೆಯ ಮೆಕ್ಯಾನಿಕ್‌ಗೆ ಪಾಷೆನ್ ಗೊತ್ತಿರಲಿಲ್ಲ, ಇದು ಮಾತ್ರ ಚೆನ್ನಾಗಿ ಗೊತ್ತಿತ್ತು. ‘ನಿಂತಲ್ಲೇ ರೇಸ್ ಕೊಟ್ರೆ ಏನೂ ಗೊತ್ತಾಗಲ್ಲ ಸಾರ್, ಏರು ಹತ್ತಿಸ್ಬೇಕು’ ಎಂದ. ಸ್ಟೇರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸಿ, ಊರ ಹೊರಗಿನ ಏರಿನಲ್ಲಿ ನಾಲ್ಕನೇ ಗೇರ್ ಹಾಕಿಸಿ, ಪೂರ್ತಿ ಒತ್ತಿ ಎಂದ. ಕಾರು ಜಗ್ಗಿತು. ಪರದೆಯ ಮೇಲೆ ಪಿ0302 ಬಂತು, ಅಂದರೆ ಎರಡನೇ ಸಿಲಿಂಡರ್ ಆಗಾಗ ಉರಿಯದೆ ಮಿಸ್ ಹೊಡೆಯುತ್ತಿದೆ.

ಪ್ಲಗ್ಗೋ, ಅದಕ್ಕೆ ವೋಲ್ಟೇಜ್ ಕೊಡುವ ಕಾಯಿಲ್ಲೋ, ಇಂಜೆಕ್ಟರೋ ಎಂಬುದನ್ನು ಕೋಡ್ ಹೇಳುವುದಿಲ್ಲ. ಅವನು ಹೊಸ ಪಾರ್ಟ್ ತರಿಸಲಿಲ್ಲ. ಎರಡನೇ ಸಿಲಿಂಡರ್‌ನ ಕಾಯಿಲ್ ಕಿತ್ತು ಮೂರನೆಯದಕ್ಕೆ ಹಾಕಿದ, ಮೂರರದನ್ನು ಎರಡಕ್ಕೆ. ಕೋಡ್ ಅಳಿಸಿ ಮತ್ತೆ ಅದೇ ಏರಿಗೆ ಹೋದೆವು. ಈ ಸಲ ಬಂದದ್ದು ಪಿ0303. ರೋಗ ಕಾಯಿಲ್ ಜೊತೆಗೇ ಹೋಗಿತ್ತು.

ಕಾಯಿಲ್‌ನ ತುದಿಯ ರಬ್ಬರ್ ಬೂಟನ್ನು ಬೆಳಕಿಗೆ ಹಿಡಿದು ತೋರಿಸಿದ. ಒಳಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಎಳೆದಂಥ ಒಂದು ಕಪ್ಪು ಗೀಟು. ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೂ ಅದಕ್ಕೆ ಸರಿಯಾಗಿ ಇನ್ನೊಂದು. ಏರು ಬಂದಾಗಲೆಲ್ಲ ಕಿಡಿ ಇಳಿದು ಹೋಗುತ್ತಿದ್ದದ್ದು ಆ ಗೀಟಿನ ಮೇಲೆ.