ಮೂರು ಗುಂಡು, ಮೂರು ಗಂಟೆ: ನಾನಾವತಿ ಪ್ರಕರಣ ‘ರುಸ್ತುಂ’ ಆದ ಬಗೆ

ಸ್ನಾನ ಮುಗಿಸಿ ಹೊರಬಂದಾಗ ಸೊಂಟಕ್ಕೆ ಸುತ್ತಿಕೊಂಡಿದ್ದ ಟವೆಲ್ಲು, ಆತ ಗುಂಡು ತಿಂದು ಬಿದ್ದ ಮೇಲೂ ಬಿಚ್ಚಿರಲಿಲ್ಲ. ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾನನ್ನು ನೌಕಾಧಿಕಾರಿಯೊಬ್ಬ ಕೊಂದ 1959ರ ನಾನಾವತಿ ಪ್ರಕರಣದಲ್ಲಿ ಸರಕಾರಿ ಪಕ್ಷದ ಬಳಿಯಿದ್ದ ಗಟ್ಟಿ ಮಾತುಗಳಲ್ಲಿ ಇದೊಂದು. ಇಬ್ಬರು ಗಂಡಸರು ರಿವಾಲ್ವರಿಗಾಗಿ ಹೊಡೆದಾಡಿದ್ದರೆ, ಆ ಎಳೆದಾಟದಲ್ಲಿ ಗುಂಡು ತಾನಾಗಿ ಹಾರಿದ್ದರೆ, ಟವೆಲ್ಲು ಇದ್ದಲ್ಲೇ ಇರುತ್ತಿತ್ತೇ?

ಇಷ್ಟು ಸಣ್ಣ ವಿಷಯದ ಮೇಲೆ ನಿಂತಿದ್ದ ಮೊಕದ್ದಮೆ ಈಗ ಅನೇಕರಿಗೆ ಗೊತ್ತಿರುವುದು 2016ರ ಆಗಸ್ಟ್ 12ರಂದು ತೆರೆಕಂಡ ‘ರುಸ್ತುಂ’ ಹಿಂದಿ ಚಿತ್ರದ ಮೂಲಕ. ಅದನ್ನು ನೋಡಿ ಬಂದವರು ಸಾಮಾನ್ಯವಾಗಿ ಮೂರು ಮಾತು ಹೇಳುತ್ತಾರೆ: ಆ ನೌಕಾಧಿಕಾರಿ ಖುಲಾಸೆಯಾದ, ಅವನು ಕೊಂದದ್ದರ ಹಿಂದೆ ದೇಶದ ಹಿತವಿತ್ತು, ಅದೇ ನಮ್ಮ ದೇಶದ ಕೊನೆಯ ಜ್ಯೂರಿ (ತಪ್ಪಿತಸ್ಥನೋ ಅಲ್ಲವೋ ಎಂದು ಹೇಳಲು ಕೂರಿಸುವ ಸಾಮಾನ್ಯ ನಾಗರಿಕರ ತಂಡ) ವಿಚಾರಣೆ. ಮೊದಲನೆಯದು ಅರ್ಧ ಸತ್ಯ. ಎರಡನೆಯದು ಚಿತ್ರಕಥೆಯ ಕೊಡುಗೆ. ಮೂರನೆಯದು ಚಿತ್ರಕ್ಕಿಂತ ಹಳೆಯ ದಂತಕಥೆ.

ಕವಾಸ್ ಮಾಣೆಕ್‌ಷಾ ನಾನಾವತಿ ಪಾರ್ಸಿ. ನೌಕಾಪಡೆಯ ಕಮಾಂಡರ್. ಅವನು ಎರಡನೆಯ ಅಧಿಕಾರಿಯಾಗಿದ್ದ ಯುದ್ಧನೌಕೆಯ ಹೆಸರು ಐಎನ್‌ಎಸ್ ಮೈಸೂರು. ನಮ್ಮ ಕಡೆಗೆ ಈ ಕಥೆಯ ನಂಟು ಅಷ್ಟೇ. ಆದರೂ ತೀರ್ಪಿನ ಆರಂಭದ ಸಾಲುಗಳಲ್ಲೇ ‘ಮೈಸೂರು’ ಎಂದು ಕಂಡಾಗ ಕಣ್ಣು ಒಂದು ಕ್ಷಣ ಅಲ್ಲೇ ನಿಲ್ಲುತ್ತದೆ. ಪತ್ನಿ ಸಿಲ್ವಿಯಾ ಇಂಗ್ಲೆಂಡಿನವಳು, 1949ರಲ್ಲಿ ಪೋರ್ಟ್ಸ್‌ಮತ್‌ನಲ್ಲಿ ಮದುವೆ, ಮೂವರು ಮಕ್ಕಳು. ಗಂಡ ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದಾಗ ಸಿಲ್ವಿಯಾ ಮತ್ತು ಬೊಂಬಾಯಿಯ ಸಿಂಧಿ ಮೋಟಾರು ವ್ಯಾಪಾರಿ ಪ್ರೇಮ್ ಅಹುಜಾ ನಡುವೆ ಸಂಬಂಧ ಬೆಳೆಯಿತು.

1959ರ ಏಪ್ರಿಲ್ 27ರ ಮಧ್ಯಾಹ್ನ ಅವಳು ಅದನ್ನು ಗಂಡನಿಗೆ ಹೇಳಿಬಿಟ್ಟಳು. ಮುಂದಿನ ಮೂರು ಗಂಟೆಗಳಲ್ಲಿ ನಾನಾವತಿ ಮಾಡಿದ್ದನ್ನು ಸುಪ್ರೀಂ ಕೋರ್ಟಿನ ತೀರ್ಪು ಒಂದೊಂದಾಗಿ ಬರೆದಿಟ್ಟಿದೆ. ಹೆಂಡತಿ, ತಮ್ಮ ಇಬ್ಬರು ಮಕ್ಕಳು ಮತ್ತು ಪಕ್ಕದ ಮನೆಯ ಮಗುವನ್ನು ಕಾರಿನಲ್ಲಿ ಕೂರಿಸಿಕೊಂಡು ಚಿತ್ರಮಂದಿರಕ್ಕೆ ಬಿಟ್ಟ. ಆಟ ಮುಗಿಯುವಾಗ, ಆರು ಗಂಟೆಗೆ, ಬಂದು ಕರೆದುಕೊಂಡು ಹೋಗುತ್ತೇನೆಂದ. ಅಲ್ಲಿಂದ ಹಡಗಿಗೆ ಹೋಗಿ, ರಾತ್ರಿ ಒಬ್ಬನೇ ಅಹ್ಮದ್‌ನಗರಕ್ಕೆ ಕಾರು ಓಡಿಸಬೇಕಿದೆ ಎಂದು ಸುಳ್ಳು ಹೇಳಿ, ರಿವಾಲ್ವರ್ ಮತ್ತು ಆರು ಗುಂಡು ಪಡೆದ. ಅದನ್ನು ಕಂದು ಲಕೋಟೆಯೊಳಗಿಟ್ಟುಕೊಂಡು ಅಹುಜಾನ ಕಚೇರಿಗೆ ಹೋದ, ಅವನು ಅಲ್ಲಿರಲಿಲ್ಲ. ಮನೆಗೆ ಹೋದ. ಮಲಗುವ ಕೋಣೆಯ ಬಾಗಿಲು ಹಾಕಿಕೊಂಡ. ಸಿಲ್ವಿಯಾಳನ್ನು ಮದುವೆಯಾಗಿ ಮಕ್ಕಳನ್ನು ನೋಡಿಕೊಳ್ಳುತ್ತೀಯಾ ಎಂದು ಕೇಳಿದಾಗ, ತಾನು ಜೊತೆಗೆ ಮಲಗಿದ ಹೆಂಗಸರನ್ನೆಲ್ಲ ಮದುವೆಯಾಗಬೇಕೇ ಎಂದು ಅಹುಜಾ ಕೇಳಿದನೆಂಬುದು ನಾನಾವತಿಯ ಹೇಳಿಕೆ. ಅಲ್ಲಗಳೆಯಲು ಅಹುಜಾ ಉಳಿದಿರಲಿಲ್ಲ. ಗುಂಡು ಹಾರಿದಾಗ ಗಂಟೆ ನಾಲ್ಕು ಇಪ್ಪತ್ತು. ನಾನಾವತಿ ತಾನೇ ಹೋಗಿ ಪೊಲೀಸರಿಗೆ ಶರಣಾದ.

ಕಾನೂನಿನ ಪ್ರಶ್ನೆ ನೇರವಾಗಿತ್ತು. ಹಠಾತ್ ಪ್ರಚೋದನೆಯಿಂದ ಮೈಮೇಲಿನ ಅರಿವು ತಪ್ಪಿ ಕೊಂದರೆ ಅದು ಕೊಲೆಯಲ್ಲ, ಅದಕ್ಕಿಂತ ಕಡಿಮೆಯ ಅಪರಾಧ. ಆದರೆ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟು, ಸುಳ್ಳು ಕಾರಣ ಕೊಟ್ಟು ಆಯುಧ ತಂದವನ ಅರಿವು ತಪ್ಪಿತ್ತೇ? ನಾನಾವತಿಯ ವಕೀಲರು ಈ ದಾರಿಯನ್ನಷ್ಟೇ ನೆಚ್ಚಿಕೊಳ್ಳದೆ, ಗುಂಡು ಆಕಸ್ಮಿಕವಾಗಿ ಹಾರಿತೆಂದು ವಾದಿಸಿದರು. ಟವೆಲ್ಲು ಅಡ್ಡ ಬಂದದ್ದು ಅಲ್ಲಿ.

ನ್ಯಾಯಾಲಯದ ಹೊರಗೆ ಬೇರೆಯದೇ ವಿಚಾರಣೆ ನಡೆದಿತ್ತು. ಆರ್.ಕೆ. ಕರಂಜಿಯಾ ಸಂಪಾದಿಸುತ್ತಿದ್ದ ‘ಬ್ಲಿಟ್ಜ್’ ವಾರಪತ್ರಿಕೆ ನಾನಾವತಿಯ ಪರ ನಿಂತು, ಬಿಳಿ ಸಮವಸ್ತ್ರದ ಸಜ್ಜನ ಮತ್ತು ಶ್ರೀಮಂತ ವಿಲಾಸಿ ಎಂಬ ಎರಡು ಗೊಂಬೆಗಳನ್ನು ವಾರವಾರವೂ ಕಡೆಯಿತು. ನಾಲ್ಕಾಣೆಯ ಪತ್ರಿಕೆ ಎರಡು ರೂಪಾಯಿಗೆ ಕೈಬದಲಾಗುತ್ತಿತ್ತು, ಬೀದಿಯಲ್ಲಿ ಆಟಿಕೆ ರಿವಾಲ್ವರುಗಳೂ ಅಹುಜಾ ಟವೆಲ್ಲುಗಳೂ ಬಿಕರಿಯಾದವು ಎಂದು ಆ ಕಾಲ ಕಂಡವರು ನೆನೆಯುತ್ತಾರೆ. ಪಾರ್ಸಿಗಳು ಒಂದು ಕಡೆ, ಸಿಂಧಿಗಳು ಇನ್ನೊಂದು ಕಡೆ. ಒಂಬತ್ತು ಮಂದಿಯ ಜ್ಯೂರಿ ಈ ಗಾಳಿಯನ್ನೇ ಉಸಿರಾಡುತ್ತಿತ್ತು. ಎಂಟು ಮಂದಿ ನಿರ್ದೋಷಿ ಎಂದರು, ಒಬ್ಬರು ಒಪ್ಪಲಿಲ್ಲ.

ಚಿತ್ರಕ್ಕೆ ಇಷ್ಟು ಸಾಕಾಯಿತು. ಮೊಕದ್ದಮೆಗೆ ಇದು ಮೊದಲ ಮೆಟ್ಟಿಲು. ಸೆಷನ್ಸ್ ನ್ಯಾಯಾಧೀಶರು ಈ ನಿರ್ಣಯವನ್ನು ಯಾವ ವಿವೇಕಿಯೂ ಕೊಡಲಾರನೆಂದು ಭಾವಿಸಿ ಹೈಕೋರ್ಟಿಗೆ ಕಳುಹಿಸಿದರು. 1960ರ ಮಾರ್ಚಿನಲ್ಲಿ ಹೈಕೋರ್ಟು ಜೀವಾವಧಿ ಶಿಕ್ಷೆ ವಿಧಿಸಿತು. ಅದೇ ದಿನ ರಾಜ್ಯಪಾಲರು ಶಿಕ್ಷೆಯನ್ನು ತಡೆಹಿಡಿದರು; ಅದು ಸರಿಯೇ ಎಂಬುದೇ ಇನ್ನೊಂದು ದೊಡ್ಡ ಮೊಕದ್ದಮೆಯಾಯಿತು. 1961ರ ನವೆಂಬರ್ 24ರಂದು ಸುಪ್ರೀಂ ಕೋರ್ಟು ಶಿಕ್ಷೆಯನ್ನು ಎತ್ತಿಹಿಡಿಯಿತು. ಮಧ್ಯಾಹ್ನ ಒಂದೂವರೆಗೆ ಮನೆ ಬಿಟ್ಟವನಿಗೆ ನಾಲ್ಕು ಇಪ್ಪತ್ತರೊಳಗೆ ಮನಸ್ಸನ್ನು ಹತೋಟಿಗೆ ತಂದುಕೊಳ್ಳಲು ಸಮಯವಿತ್ತು ಎಂದಿತು. ಕಾನೂನು ವಿದ್ಯಾರ್ಥಿಗಳು ಪ್ರಚೋದನೆಯ ಪಾಠಕ್ಕೆ ಇಂದಿಗೂ ಓದುವ ತೀರ್ಪು ಇದು. 1964ರಲ್ಲಿ ರಾಜ್ಯಪಾಲೆ ವಿಜಯಲಕ್ಷ್ಮಿ ಪಂಡಿತ್ ಕ್ಷಮಾದಾನ ನೀಡಿದರು. ಆ ಹೊತ್ತಿಗೇ ಸಿಂಧಿ ವ್ಯಾಪಾರಿ ಭಾಯಿ ಪ್ರತಾಪರಿಗೂ ಕ್ಷಮೆ ಸಿಕ್ಕಿತು. ತಕ್ಕಡಿ ಸಮವಾಯಿತು ಎನ್ನಿ. ನಾನಾವತಿ ಕುಟುಂಬ ಕೆನಡಾಕ್ಕೆ ಹೋಯಿತು. ಅವನು 2003ರಲ್ಲಿ ತೀರಿಕೊಂಡ.

ಜ್ಯೂರಿಯ ಮಾತು. ಅದನ್ನು ಕೈಬಿಡಿ ಎಂದು ಕಾನೂನು ಆಯೋಗ 1958ರಲ್ಲೇ, ಅಂದರೆ ಈ ಕೊಲೆಗೆ ಮುಂಚೆಯೇ, ಹೇಳಿತ್ತು. ದೇಶದ ಕೆಲವೆಡೆ ಜ್ಯೂರಿ ಇದಾದ ಮೇಲೂ ಕೆಲ ವರ್ಷ ಉಳಿಯಿತು. ಪೂರ್ತಿ ಬಾಗಿಲು ಮುಚ್ಚಿದ್ದು 1973ರ ದಂಡ ಪ್ರಕ್ರಿಯಾ ಸಂಹಿತೆ. ತಮಾಷೆಯೆಂದರೆ, ಪಾರ್ಸಿಗಳ ವಿವಾಹ ವ್ಯಾಜ್ಯಗಳಲ್ಲಿ ಜ್ಯೂರಿಯನ್ನು ಹೋಲುವ ಪ್ರತಿನಿಧಿಗಳ ಪದ್ಧತಿ ಆಮೇಲೂ ಮುಂದುವರಿಯಿತು.

ಸಿನಿಮಾದವರು ಈ ಕಥೆಗೆ ಕೈಹಾಕಿದ್ದು ‘ರುಸ್ತುಂ’ನಿಂದಲ್ಲ. 1963ರಲ್ಲೇ ಸುನಿಲ್ ದತ್ ಮತ್ತು ಲೀಲಾ ನಾಯ್ಡು ನಟಿಸಿದ ಚಿತ್ರ ಬಂದಿತ್ತು. 1973ರ ಗುಲ್ಜಾರರ ‘ಅಚಾನಕ್’ ಮೂಲದಿಂದ ಬಹಳ ದೂರ ಸರಿಯಿತು: ಅಲ್ಲಿ ಸೇನಾಧಿಕಾರಿ ಹೆಂಡತಿಯನ್ನೂ ಗೆಳೆಯನನ್ನೂ ಕೊಲ್ಲುತ್ತಾನೆ, ಗುಂಡೇಟು ತಿಂದ ಅವನನ್ನು ವೈದ್ಯರು ಹಗಲಿರುಳು ದುಡಿದು ಬದುಕಿಸುತ್ತಾರೆ, ನೇಣಿಗೇರಿಸಲೆಂದು. ಒಂದೂ ಹಾಡಿಲ್ಲ. ಮೂಲದ ವಿವರಗಳನ್ನೆಲ್ಲ ಬಿಟ್ಟೂ ಮೂಲದ ಮುಳ್ಳನ್ನು ಉಳಿಸಿಕೊಂಡ ಚಿತ್ರ ಅದು.

‘ರುಸ್ತುಂ’ ಹೋದದ್ದು ತದ್ವಿರುದ್ಧ ದಾರಿಯಲ್ಲಿ. ಹಳೆಯ ಕಾರುಗಳಿವೆ, ಬಿಳಿ ಸಮವಸ್ತ್ರವಿದೆ, ಪತ್ರಿಕೆ ಮಾರುವ ಕೂಗಿದೆ. ನೌಕಾಪಡೆ ಬಲ್ಲವರು ಅದರಲ್ಲೂ ಕಲ್ಲು ಹೆಕ್ಕಿದರು: 1959ರ ಅಧಿಕಾರಿಯ ಎದೆಯ ಮೇಲೆ ಕಾರ್ಗಿಲ್ ಕಾಲದ ಪದಕಪಟ್ಟಿ, ಗಡ್ಡವಿಲ್ಲದ ಬರೀ ಮೀಸೆಗೆ ಪಡೆಯಲ್ಲಿ ಅನುಮತಿ ಸಿಕ್ಕಿದ್ದೇ 1971ರಲ್ಲಿ. ಇವನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳಬಹುದು. ನುಂಗಲಾಗದ್ದು ಚಿತ್ರಕಥೆ ತಂದು ಸೇರಿಸಿದ ವಿಮಾನವಾಹಕ ನೌಕೆಯ ಖರೀದಿ ಹಗರಣ. ಸತ್ತವನೂ ಅವನ ಜೊತೆಗಾರರೂ ದೇಶದ್ರೋಹಿಗಳಾದ ಕೂಡಲೇ ಕೊಂದವನ ಬಗ್ಗೆ ಪ್ರೇಕ್ಷಕ ತಲೆಕೆಡಿಸಿಕೊಳ್ಳಬೇಕಾದ ಅಗತ್ಯವೇ ಇಲ್ಲ. ‘ಬ್ಲಿಟ್ಜ್’ ಅರ್ಧಕ್ಕೆ ಬಿಟ್ಟ ಗೊಂಬೆಗೆ 57 ವರ್ಷಗಳ ಬಳಿಕ ಬಣ್ಣ ಬಳಿದಂತಾಯಿತು. ನ್ಯಾಯಾಲಯದಲ್ಲಿ ನಾಯಕ ತನ್ನ ವಾದವನ್ನು ತಾನೇ ಮಂಡಿಸಿ ಗೆಲ್ಲುತ್ತಾನೆ. ಚಿತ್ರ ಚೆನ್ನಾಗಿ ದುಡಿಯಿತು, ನಾಯಕ ನಟನಿಗೆ ರಾಷ್ಟ್ರಪ್ರಶಸ್ತಿ ಬಂತು. ಅದನ್ನು ಕೊಟ್ಟದ್ದೂ ಒಂದು ಜ್ಯೂರಿಯೇ.

ಇಷ್ಟು ಬದಲಾವಣೆಗಳ ನಡುವೆ ಒಂದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಚಿತ್ರದ ದಂಪತಿಗೆ ಮಕ್ಕಳಿಲ್ಲ. ಹಾಗಾಗಿ ಆ ಮಧ್ಯಾಹ್ನ ಯಾರನ್ನೂ ಸಿನಿಮಾಕ್ಕೆ ಬಿಡಬೇಕಿಲ್ಲ, ಆರು ಗಂಟೆಗೆ ಯಾರೂ ಚಿತ್ರಮಂದಿರದ ಬಾಗಿಲಲ್ಲಿ ಅಪ್ಪನ ಕಾರಿಗಾಗಿ ಕಾಯಬೇಕಿಲ್ಲ.